ಹಿತ್ತಾಳೆ ಪಿನ್ನಿನ ಪರ ಮತ್ತು ವಿರೋಧ

ವಾದದಲ್ಲಿ ಗೆದ್ದದ್ದಕ್ಕಾಗಿ ನಾನು ಪಶ್ಚಾತ್ತಾಪ ಪಟ್ಟಿರುವುದು ಈವರೆಗೆ ಒಂದೇ ಸಲ. ಸೋತದ್ದಕ್ಕಾಗಿ ಎಷ್ಟು ಸಲ ಪಟ್ಟಿದ್ದೀರಿ ಎಂದು ನೀವು ಕೇಳಿದರೆ, ಮೊದಲು ನಾನು ಸೋತಿದ್ದೇನೆ ಎಂಬುದನ್ನು ನೀವು ಸಾಧಿಸಿ ತೋರಿಸಬೇಕಾಗುತ್ತದೆ. ಅಲ್ಲಿಗೆ ಹೊಸದೊಂದು ವಾದ ಶುರುವಾಗುತ್ತದೆ. ಆದ್ದರಿಂದ ಅದನ್ನು ಬಿಡೋಣ. ಪಶ್ಚಾತ್ತಾಪ ತಂದ ಆ ಒಂದು ವಾದದ ವಿಷಯ ದೇವರು ಇದ್ದಾನೋ ಇಲ್ಲವೋ ಎಂಬಂಥ ದೊಡ್ಡದೇನಲ್ಲ. ದೋಣಿಯ ಮೋಟಾರಿಗೆ ಹಾಕುವ, ಪೆನ್ಸಿಲಿಗಿಂತ ಸಣ್ಣಗಿರುವ, ಒಂದು ಹಿತ್ತಾಳೆ ಪಿನ್ನು.

ನನ್ನ ತಯಾರಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹೊಸಪೇಟೆಯ ಕಾಲೇಜಿನಲ್ಲಿ ಮೂರು ವರ್ಷ ನಾನು ಅರ್ಥಶಾಸ್ತ್ರ ಓದಿದೆ ಎಂದು ಅಂಕಪಟ್ಟಿ ಹೇಳುತ್ತದೆ. ನಿಜವಾಗಿ ಓದಿದ್ದು ಚರ್ಚಾಸ್ಪರ್ಧೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಗಣಿಗಾರಿಕೆಯಿಂದ ನಾಡು ಉದ್ಧಾರವಾಗುತ್ತದೆ ಎಂದು ಒಂದು ಕಾಲೇಜಿನಲ್ಲಿ ಮೇಜು ಗುದ್ದಿ, ಅದರ ಮರುವಾರವೇ ಅದರಿಂದ ನಾಡು ಹಾಳಾಗುತ್ತದೆ ಎಂದು ಇನ್ನೊಂದು ಕಾಲೇಜಿನ ಮೇಜು ಗುದ್ದಿದವಳು ನಾನು. ಎರಡೂ ಕಡೆ ಪಾರಿತೋಷಕ ಬಂತು. ನಮ್ಮ ಹಳೆಯ ತರ್ಕಶಾಸ್ತ್ರದವರು ಮಾತಿನ ಜಗಳವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ನಿಜ ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವಲಷ್ಟೇ ಮಾಡುವುದು ವಿತಂಡ. ಮೊದಲನೆಯದಕ್ಕೆ ಯಾವ ಕಾಲೇಜಿನವರೂ ಪಾರಿತೋಷಕ ಇಟ್ಟಿರಲಿಲ್ಲವಾದ್ದರಿಂದ ಅದರ ಅಭ್ಯಾಸ ನನಗೆ ಆಗಲಿಲ್ಲ. ಮನೆಯಲ್ಲಿ ಅವ್ವ ಬಂದವರ ಮುಂದೆ ಹೇಳುತ್ತಿದ್ದಳು: “ಈಕಿಗೆ ಚಾದಾಗ ಸಕ್ರಿ ಸಾಕೇನು ಅಂತ ಕೇಳ್ರಿ ನೋಡೂಣು. ಸಾಕು ಅಂದ್ರ ಏನು ಅಂತ ಮೊದಲು ನೀವು ಹೇಳ್ರಿ ಅಂತಾಳ.”

ಇಂಥವಳ ಕೈಗೆ ಒಂದು ದೋಣಿಯ ಮೋಟಾರು ಬಂದದ್ದು ಸೋದರಮಾವ ಕೊಟ್ರಪ್ಪನಿಂದ. ಕಂಪ್ಲಿಯಲ್ಲಿ ಅವನದು ಅಕ್ಕಿ ಗಿರಣಿ. ಅದು ಸಂಡೂರಿನ ಕೆಂಪು ಮಣ್ಣು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದ ಕಾಲ. ಹೊಸಪೇಟೆಯಲ್ಲಿ ಬಿಳಿ ಅಂಗಿ ಎಂಬುದು ಒಂದು ನೆನಪಾಗಿ ಉಳಿದಿತ್ತು. ಒಣಗಲು ಹಾಕಿದ ಬಟ್ಟೆ ಸಂಜೆಗೆ ಕಾವಿಯಾಗಿ, ಇಡೀ ಓಣಿಯೇ ಸನ್ಯಾಸ ತೆಗೆದುಕೊಂಡಂತೆ ಕಾಣುತ್ತಿತ್ತು. ಸನ್ಯಾಸ ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ, ಎಲ್ಲರೂ ಟಿಪ್ಪರ್ ತೆಗೆದುಕೊಂಡಿದ್ದರು. ಮಾವನೂ ಟಿಪ್ಪರ್ ತರುತ್ತೇನೆಂದು ಹೋಗಿ, ಯಾರೋ ಕರಾವಳಿಯವರ ಮಾತಿಗೆ ಮರುಳಾಗಿ, ಒಂದು ದೋಣಿಯನ್ನೂ ಅದರ ಹಿಂದೆ ಸಿಕ್ಕಿಸುವ ಮೋಟಾರನ್ನೂ ಲಾರಿಯ ಮೇಲೆ ಹೇರಿಕೊಂಡು ಬಂದ. ಹಂಪಿಯಿಂದ ಆಚೆ ದಡಕ್ಕೆ ಜನರನ್ನು ದಾಟಿಸುವುದು ಅವನ ಯೋಚನೆ. ಅತ್ತೆ ಗಿರಣಿಯ ಬಾಗಿಲಲ್ಲಿ ನಿಂತು, “ಎಲ್ಲಾರೂ ಮಣ್ಣು ಹಿಡದು ಮ್ಯಾಲ ಬರಾಕತ್ತಾರ, ನೀವು ನೀರಿಗೆ ಇಳೀತೀನಿ ಅಂತೀರಲ್ರಿ” ಎಂದಳಂತೆ. ಮಾವ, “ಮಣ್ಣು ಒಂದಿನ ಮುಗೀತೈತಿ. ಹೊಳಿ ಮುಗೀತದೇನು?” ಎಂದು ಕೇಳಿದ. ಬೇಸಿಗೆಯಲ್ಲಿ ಒಮ್ಮೆ ತುಂಗಭದ್ರೆಯನ್ನು ನೋಡಿದ್ದವರು ಯಾರೂ ಹೀಗೆ ಕೇಳುವುದಿಲ್ಲ.

ಮೋಟಾರಿನ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬಂದಿತ್ತು. ನಮ್ಮ ಬಳಗದಲ್ಲಿ ಇಂಗ್ಲಿಷ್ ಬರುವವರು ಹಲವರಿದ್ದರು, ಕೆಲಸವಿಲ್ಲದವರೂ ಒಬ್ಬಿಬ್ಬರಿದ್ದರು. ಎರಡೂ ಒಟ್ಟಿಗೆ ಇದ್ದವಳು ನಾನೊಬ್ಬಳೇ. “ಏ ಹುಡುಗಿ, ಬಾಯಿ ಭಾಳ ಓಡಸ್ತಿ. ಇದನ್ನ ಓಡಸು ನೋಡೂಣು” ಎಂದು ಮಾವ ಕೈಪಿಡಿಯನ್ನು ನನ್ನ ಕೈಗೆ ಹಾಕಿದ. ಹೀಗೆ ವಾರಕ್ಕೆ ಮೂರು ದಿನ ಹೊಸಪೇಟೆಯಿಂದ ಹಂಪಿಗೆ ಬಸ್ಸು ಹತ್ತಿ ಹೋಗಿ ಮೋಟಾರಿನ ಯೋಗಕ್ಷೇಮ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ದೋಣಿಯ ಮೋಟಾರನ್ನು ನೋಡದವರಿಗೆ ಅದರ ಆಕಾರವನ್ನು ಹೀಗೆ ಹೇಳಬಹುದು: ಹೆಲ್ಮೆಟ್ ಹಾಕಿಕೊಂಡ ಒಂದು ಕೊಕ್ಕರೆ. ಮೇಲೆ ದೊಡ್ಡ ತಲೆ, ಅದರೊಳಗೆ ಇಂಜಿನ್. ಕೆಳಗೆ ಉದ್ದನೆಯ ಒಂದೇ ಕಾಲು, ಅದು ನೀರಿನೊಳಗೆ. ಕಾಲಿನ ತುದಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳುವ ಪಂಕ. ಒಂದು ಹಗ್ಗ ಎಳೆದರೆ ಎದ್ದೇಳುತ್ತದೆ, ಅಂದರೆ ಮನಸ್ಸಿದ್ದರೆ ಎದ್ದೇಳುತ್ತದೆ. ಮನಸ್ಸಿಲ್ಲದಿದ್ದರೆ ಹದಿನೈದು ಸಲ ಎಳೆದ ಮೇಲೂ, ದೂರದ ನೆಂಟರ ಮದುವೆಗೆ ಎಬ್ಬಿಸಿದ ಮನುಷ್ಯನ ಹಾಗೆ ಒಮ್ಮೆ ಗುಟುರು ಹಾಕಿ ಮತ್ತೆ ಮಲಗುತ್ತದೆ.

ಹೀಗೆ ಮಲಗಿದ ಒಂದು ದಿನ ಅದನ್ನು ಗೋಣಿಚೀಲದಲ್ಲಿ ಸುತ್ತಿ ಹೊಸಪೇಟೆಯ ಗ್ಯಾರೇಜುಗಳ ಬಾಗಿಲು ತಟ್ಟಿದೆವು. ಆ ವರ್ಷಗಳಲ್ಲಿ ಊರಿನಲ್ಲಿ ಮನುಷ್ಯರ ಡಾಕ್ಟರಿಗಿಂತ ಲಾರಿಯ ಮೆಕ್ಯಾನಿಕ್‌ಗಳೇ ಹೆಚ್ಚು ಇದ್ದರು, ಹೆಚ್ಚು ಗೌರವದಲ್ಲೂ ಇದ್ದರು. ಮೊದಲನೆಯವನು ಟಿಪ್ಪರಿನ ಹೊಟ್ಟೆಯ ಕೆಳಗಿನಿಂದ ತಲೆ ಹೊರಗೆ ಹಾಕದೆಯೇ ಕೇಳಿದ: “ಎಷ್ಟು ಗಾಲಿದು?”

“ಗಾಲಿ ಇಲ್ಲ” ಎಂದೆ.

ಕೆಳಗೆ ಒಂದು ಸ್ಪ್ಯಾನರ್ ಠಣ್ಣೆಂದು ಬಿತ್ತು. “ಗಾಲಿ ಇಲ್ಲಂದ್ರ ನಮ್ಮಲ್ಲಿ ಆಗಂಗಿಲ್ರಿ. ಹತ್ತು ಗಾಲಿದು ಇದ್ರ ತರ್ರಿ” ಎಂದಿತು ಟಿಪ್ಪರಿನ ಹೊಟ್ಟೆ.

ಆದ್ದರಿಂದ ಆರೈಕೆಯನ್ನು ನಾವೇ ಕಲಿಯಬೇಕಾಯಿತು. ನಾವು ಎಂದರೆ ನಾನು ಮತ್ತು ಹುಲುಗಪ್ಪ. ಮಾವ ದೋಣಿ ನಡೆಸಲು ಗೊತ್ತುಮಾಡಿದ್ದ ಹುಲುಗಪ್ಪನಿಗೆ ಐವತ್ತರ ಹತ್ತಿರ ವಯಸ್ಸು. ಅದರಲ್ಲಿ ನಲವತ್ತು ವರ್ಷ ಅದೇ ಹೊಳೆಯಲ್ಲಿ ಹರಿಗೋಲು ಹಾಕಿದವನು. ಹರಿಗೋಲು ಬುಟ್ಟಿಯಂತೆ ದುಂಡಗೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಅಂಥದ್ದನ್ನು ಬಿಟ್ಟು, ಮೂತಿ ಬಾಲ ಎರಡೂ ಇರುವ ದೋಣಿಗೆ ಬಂದದ್ದು ಅವನ ಪಾಲಿಗೆ ದೊಡ್ಡ ಬಡ್ತಿ. ಹೆಂಡತಿ ಗಂಗಮ್ಮ ನೀರು ತರಲು ಹೋದಲ್ಲೆಲ್ಲ “ನಮ್ಮನಿಯವ್ರು ಈಗ ಮೋಟಾರಿನ್ಯಾಗ ಅದಾರ” ಎಂದು ಹೇಳಿಯಾಗಿತ್ತು. ಹರಿಗೋಲನ್ನು ಅವನು ಹೊಸದಾಗಿ ಮದುವೆಯಾದ ತಮ್ಮನಿಗೆ ಬಿಟ್ಟುಕೊಟ್ಟಿದ್ದ.

ಮೋಟಾರಿನ ಸೇವೆಯಲ್ಲಿ ಹುಲುಗಪ್ಪನ ಶಿಸ್ತು ಯಾವ ಮಠದಲ್ಲೂ ಕಾಣಲಾರದಂಥದ್ದು. ಪೆಟ್ರೋಲನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದ, ಯಾಕೆಂದರೆ ಅದರಲ್ಲೂ ಕೆಂಪು ಧೂಳು. ಐದು ಲೀಟರಿಗೆ ನೂರು ಮಿಲಿ ಎಣ್ಣೆ ಬೆರೆಸಬೇಕು ಎಂದು ಕೈಪಿಡಿಯಲ್ಲಿ ಓದಿ ನಾನು ಅಳತೆಯ ಜಾಡಿ ಹುಡುಕಹೊರಟರೆ, ಅವನು ಚಾದಂಗಡಿಯ ಒಂದು ಗ್ಲಾಸು ತಂದಿಟ್ಟುಕೊಂಡಿದ್ದ. ಅಳೆದು ನೋಡಿದೆ, ಸರಿಯಾಗಿ ನೂರು ಇತ್ತು. ನನಗೆ ಸ್ವಲ್ಪ ಬೇಸರವೇ ಆಯಿತು. ಪಂಕದ ಬುಡಕ್ಕೆ ಸುತ್ತಿಕೊಂಡ ಬಲೆಯ ನೂಲನ್ನು ದಿನಾ ಸಂಜೆ ಬಿಡಿಸುತ್ತಿದ್ದ, ಮಗಳ ತಲೆಯ ಸಿಕ್ಕು ಬಿಡಿಸುವ ತಾಳ್ಮೆಯಲ್ಲಿ. ಮೋಟಾರು ಶುರುವಾದ ಕೂಡಲೇ ಅದರ ಪಕ್ಕದಿಂದ ಸಣ್ಣಗೆ ನೀರು ಚಿಮ್ಮಬೇಕು. ಒಳಗೆ ತಂಪು ಮಾಡುವ ನೀರು ಸರಿಯಾಗಿ ಓಡುತ್ತಿದೆ ಎಂಬುದಕ್ಕೆ ಅದೇ ಗುರುತು. ಹುಲುಗಪ್ಪ ಮೊದಲು ಅದನ್ನೇ ಬಗ್ಗಿ ನೋಡಿ, “ಉಚ್ಚಿ ಹೊಯ್ತು, ಇನ್ನ ಹೆದರಿಕಿಲ್ಲ” ಎಂದು ಎಲ್ಲರಿಗೂ ಕೇಳುವಂತೆ ಘೋಷಿಸುತ್ತಿದ್ದ. ದೋಣಿಯಲ್ಲಿ ಕೂತ ಪರದೇಶದ ಹೆಂಗಸರು ಇದೇನು ಮಂತ್ರ ಎಂದು ನನ್ನನ್ನು ಕೇಳುತ್ತಿದ್ದರು. ಜಲದೇವತೆಯ ಸ್ತುತಿ ಎಂದು ನಾನು ಹೇಳುತ್ತಿದ್ದೆ. ತರ್ಕದ ದೃಷ್ಟಿಯಿಂದ ನೋಡಿದರೆ ಅದು ಪೂರಾ ಸುಳ್ಳೂ ಅಲ್ಲ.

ಇನ್ನು ಪಿನ್ನಿನ ವಿಷಯ. ಪಂಕವನ್ನು ಅದನ್ನು ತಿರುಗಿಸುವ ಕಂಬಿಗೆ ಹಿಡಿದಿಡುವುದು ಅಡ್ಡಡ್ಡ ತೂರಿಸಿದ ಒಂದೇ ಒಂದು ಸಣ್ಣ ಪಿನ್ನು. ಹಂಪಿಯ ಹೊಳೆಯ ಬಗ್ಗೆ ನಿಮಗೆ ಗೊತ್ತು. ಅಲ್ಲಿ ನೀರಿಗಿಂತ ಬಂಡೆ ಹಿರಿಯದು. ಮಳೆಗಾಲ ಕಳೆದು ನೀರು ಇಳಿಯುತ್ತಿದ್ದ ಹಾಗೆ, ನಿನ್ನೆ ಇಲ್ಲದ ಬಂಡೆ ಇವತ್ತು ಪಂಕಕ್ಕೆ ತಗಲುತ್ತದೆ. ತಗಲಿದ ಕೂಡಲೇ ಪಿನ್ನು ಮುರಿಯುತ್ತದೆ. ಇಂಜಿನ್ ಸುಮ್ಮನೆ ಅರಚುತ್ತದೆ, ಪಂಕ ತಿರುಗುವುದಿಲ್ಲ. ಆಗ ಹುಲುಗಪ್ಪ ಯಾವುದಾದರೂ ಬಂಡೆಗೆ ಹಗ್ಗ ಬಿಗಿದು, ಮೋಟಾರನ್ನು ಮೇಲಕ್ಕೆ ವಾಲಿಸಿ, ಉಡದಾರಕ್ಕೆ ಕಟ್ಟಿಕೊಂಡ ಪಿನ್ನುಗಳ ಗೊಂಚಲಿನಿಂದ ಒಂದನ್ನು ಬಿಚ್ಚಿ, ಹೊಸದಾಗಿ ಹಾಕಿ ಮುಂದೆ ಹೊರಡುತ್ತಿದ್ದ. ಸ್ಟೋವ್ ರಿಪೇರಿಯವನಿಂದ ತಂದ ಹಿತ್ತಾಳೆ ಸಲಾಕೆಯನ್ನು ತುಂಡು ತುಂಡು ಮಾಡಿ ಅವನೇ ತಯಾರಿಸಿಕೊಂಡ ಪಿನ್ನುಗಳು ಅವು. ದಿನಕ್ಕೆ ಎರಡೋ ಮೂರೋ ಮುರಿಯುತ್ತಿದ್ದವು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಅಲ್ಲಿಯವರೆಗೆ ಪರವಾನಗಿ ಇಲ್ಲದೆಯೇ ಓಡುತ್ತಿದ್ದ ದೋಣಿಗೆ ಅದು ಬೇಕಿತ್ತು. ಅದನ್ನು ಕೊಡುವ ಸಾಹೇಬರು ಒಂದು ಪರೀಕ್ಷೆ ಇಟ್ಟರು. ಮರಳಿನ ಚೀಲ ಹೇರಿದ ದೋಣಿ ಅವರ ಕಣ್ಣ ಮುಂದೆ ಹತ್ತು ಸಲ ಹೊಳೆ ದಾಟಬೇಕು, ನಡುನೀರಿನಲ್ಲಿ ಕೆಟ್ಟು ನಿಲ್ಲಬಾರದು. ಮಾವ ಅಷ್ಟು ಹೊತ್ತಿಗೆ ಅತ್ತೆಯ ಮಾತಿನಿಂದ ಅರ್ಧ ಸೋತಿದ್ದ. “ಪರವಾನಗಿ ಸಿಗಲಿಲ್ಲಂದ್ರ ದೋಣಿ ಕೊಟ್ಟು ಟಿಪ್ಪರ್ ತರ್ತೀನಿ ನೋಡು” ಎಂದುಬಿಟ್ಟ. ಹಾಗಾದರೆ ಹುಲುಗಪ್ಪನ ಗತಿ? ತಮ್ಮನಿಗೆ ಕೊಟ್ಟ ಹರಿಗೋಲನ್ನು ಮರಳಿ ಕೇಳುವ ಜಾತಿಯ ಮನುಷ್ಯ ಅವನಲ್ಲ. ಉಳಿದ ದಾರಿ ಸಂಡೂರಿನ ಬಳಿಯ ಯಶವಂತನಗರದ ಕಡೆ ಅದಿರು ತುಂಬುವ ಕೂಲಿ. ಒಂದು ಸಂಜೆ ಪ್ಲಗ್ ಉಜ್ಜುತ್ತ ಅವನು ಹೇಳಿದ: “ಒಮ್ಮಿ ಹೋಗಿದ್ನಿರಿ ಅಕ್ಕಾರ, ಎಂಟ ದಿನ. ಆ ಧೂಳಾಗ ಉಸಿರಾ ಹತ್ತಂಗಿಲ್ಲ. ನಾ ನೀರಿನ ಮ್ಯಾಲಿನ ಮನಷ್ಯಾ.” ಅದನ್ನು ಅವನು ದೂರಿನಂತೆ ಹೇಳಲಿಲ್ಲ, ಮೀನು ತಾನು ಮೀನೆಂದು ಹೇಳಿಕೊಂಡ ಹಾಗೆ ಹೇಳಿದ. ಆ ಕ್ಷಣದಲ್ಲೇ ನಾನು ಅವನನ್ನು ಉಳಿಸಬೇಕೆಂದು ತೀರ್ಮಾನಿಸಿದೆ. ನಾನು ಉಳಿಸಲು ಹೊರಟವರ ಬಗ್ಗೆ ನನಗೆ ಈಗಲೂ ಕನಿಕರವಿದೆ.

ನನ್ನ ತರ್ಕ ಸರಳವಾಗಿತ್ತು. ನಡುನೀರಿನಲ್ಲಿ ನಿಲ್ಲಬಾರದು. ನಿಲ್ಲಿಸುತ್ತಿರುವುದು ಪಿನ್ನು. ಪಿನ್ನು ಮುರಿಯುವುದು ಮೆತ್ತಗಿರುವುದರಿಂದ. ಆದ್ದರಿಂದ ಗಟ್ಟಿ ಪಿನ್ನು ಹಾಕಬೇಕು.

“ಗಟ್ಟಿದು ಬ್ಯಾಡ್ರಿ ಅಕ್ಕಾರ” ಎಂದ ಹುಲುಗಪ್ಪ. “ಅದು ಮುರೀಬೇಕು.”

“ಯಾಕ ಮುರೀಬೇಕು?”

“ಮುರಿಯೂದಾ ಅದರ ಕೆಲಸ್ರಿ.”

ಇಂಥ ವಾಕ್ಯವನ್ನು ಯಾವ ಸ್ಪರ್ಧಿಯಾದರೂ ನನ್ನ ಎದುರಿಗೆ ಹೇಳಿದ್ದರೆ ನಾನು ಅವನನ್ನು ಸಭೆಯ ಮುಂದೆ ಹಿಂಡಿ ಒಣಹಾಕುತ್ತಿದ್ದೆ. “ಮುರಿಯೂದು ಪಿನ್ನಿನ ಕೆಲಸ ಅಂದ್ರ, ಬೀಳೂದು ಗ್ವಾಡಿ ಕೆಲಸ ಏನು ಹುಲುಗಪ್ಪಣ್ಣ? ಸೋರೂದು ಕೊಡದ ಕೆಲಸ ಏನು? ನಾಳೆ ದೋಣಿ ಮುಳುಗಿದ್ರ, ಮುಳುಗೂದಾ ಅದರ ಕೆಲಸ ಅಂತೀರೇನು?” ಎಂದೆ.

“ಹಂಗಲ್ರಿ...”

“ಹಂಗಲ್ಲ ಅಂದ್ರ ಹೆಂಗ?”

ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. ಪಂಕವನ್ನು ನೋಡಿದ, ಹೊಳೆಯನ್ನು ನೋಡಿದ. “ನನಗ ಹೇಳಾಕ ಬರವಲ್ದು. ಕೈಗೆ ಗೊತ್ತೈತಿ, ಬಾಯಿಗೆ ಗೊತ್ತಿಲ್ರಿ” ಎಂದ. ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ ಇದು ಸೋಲೊಪ್ಪಿಕೊಂಡಂತೆ. ನಾನು ಮನಸ್ಸಿನಲ್ಲೇ ಗಂಟೆ ಬಾರಿಸಿದೆ.

ಕೈಪಿಡಿ ಏನು ಹೇಳಿತ್ತು ಎಂದು ನೀವು ಕೇಳುವುದು ನ್ಯಾಯ. ನಿಗದಿಯಾದ ಪಿನ್ನನ್ನು ಬಿಟ್ಟು ಬೇರೆ ಗಟ್ಟಿ ಲೋಹದ್ದನ್ನು ಹಾಕಲೇಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಇತ್ತು. ನಾನು ಅದನ್ನು ಓದಿದ್ದೆ ಕೂಡ. ಆದರೆ ನಾನು ಸಂದೇಹವಾದಿ; ದಪ್ಪಕ್ಷರ ಕಂಡಲ್ಲಿ ನನಗೆ ಮೊದಲು ಕಾಣುವುದು ಅದರ ಹಿಂದಿನ ಸ್ವಾರ್ಥ. ತಮ್ಮ ಬಿಡಿಭಾಗ ಮಾರಾಟವಾಗಲೆಂದು ಕಂಪನಿಯವರು ಹೂಡಿದ ಹಂಚಿಕೆ ಇದು ಎಂದು ಪೆನ್ಸಿಲಿನಲ್ಲಿ ಅಂಚಿಗೆ ಬರೆದೂ ಇಟ್ಟಿದ್ದೆ. ಯಾವುದನ್ನೂ ನಂಬದಿರುವುದು ಬುದ್ಧಿವಂತಿಕೆ ಎಂದುಕೊಂಡವರಿಗೆ ಒಂದು ತೊಂದರೆ ಇದೆ. ಅವರು ತಮ್ಮ ಅಪನಂಬಿಕೆಯನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ.

ಯಶವಂತನಗರದಲ್ಲಿ ಟಿಪ್ಪರ್‌ಗಳ ಸಾಲಿನ ನಡುವೆ ಒಂದು ಲೇತ್ ಮಷಿನ್ ಇಟ್ಟುಕೊಂಡಿದ್ದ ಖಾಜಾಸಾಬ ನನ್ನ ಕೈಯಲ್ಲಿದ್ದ ಹಿತ್ತಾಳೆ ಪಿನ್ನು ನೋಡಿ ನಕ್ಕುಬಿಟ್ಟ. “ಇದೇನಕ್ಕಾ, ಕಿವಿಗೆ ಹಾಕ್ಕೊಳ್ಳೂದೇನು?” ಕೊನೆಗೆ ಹಳೆಯ ಟಿಪ್ಪರಿನ ಉಕ್ಕು ಕೆತ್ತಿ, ಅದೇ ಅಳತೆಯ, ನೀಲಿ ಹೊಳಪಿನ ಒಂದು ಪಿನ್ನು ಮಾಡಿಕೊಟ್ಟ. ಹೆಮ್ಮೆಯಿಂದ ಹೇಳಿದ: “ತಗೋರಿ. ದೋಣಿ ಹೋದ್ರೂ ಪಿನ್ನು ಹೋಗಂಗಿಲ್ಲ.” ಭವಿಷ್ಯವನ್ನು ಇಷ್ಟು ನಿಖರವಾಗಿ ಹೇಳಿದ ಬೇರೆ ಮನುಷ್ಯನನ್ನು ನಾನು ಕಂಡಿಲ್ಲ, ನಾನಾಗ ಅದನ್ನು ಹೊಗಳಿಕೆ ಎಂದುಕೊಂಡೆ.

ಹುಲುಗಪ್ಪ ಉಕ್ಕಿನ ಪಿನ್ನನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಆಮೇಲೆ ಹಾಕಿದ. ಹೇಳಿದವಳು ಸಾವುಕಾರರ ಸೋದರಸೊಸೆ, ಮೇಲಾಗಿ ಪುಸ್ತಕ ಓದಿದವಳು, ಅದರ ಮೇಲೆ ವಾದದಲ್ಲಿ ಗೆದ್ದವಳು. ನಾಲ್ಕು ದಿನ ಪಿನ್ನು ಮುರಿಯಲಿಲ್ಲ. ಬಂಡೆ ತಗಲಿದರೆ ದೋಣಿ ಒಮ್ಮೆ ಗಡಗಡ ನಡುಗಿ ಮುಂದೆ ಹೋಗುತ್ತಿತ್ತು. ಪ್ರತಿ ನಡುಕಕ್ಕೂ ಹುಲುಗಪ್ಪನ ಮುಖ ಹಲ್ಲುನೋವು ಬಂದವರಂತಾಗುತ್ತಿತ್ತು. ನಾನು ಅದನ್ನು ಸೋತವರ ಮುಖ ಎಂದು ಓದಿದೆ.

ಪರೀಕ್ಷೆಯ ದಿನ ಮಾವ ಗಿರಣಿಯ ಕೆಲಸ ಬಿಟ್ಟು ಬಂದು ಮೋಟಾರಿಗೆ ವಿಭೂತಿ ಹಚ್ಚಿ ತೆಂಗಿನಕಾಯಿ ಒಡೆದ. ಸಾಹೇಬರು ಫೈಲು ಹಿಡಿದುಕೊಂಡು ಮರಳಿನ ಚೀಲಗಳ ಮೇಲೆ ಕೂತರು. ಆರು ಸಲ ದಾಟಿದೆವು, ಗೆರೆ ಎಳೆದ ಹಾಗೆ. ಏಳನೆಯ ಸಲ ನಡುಹೊಳೆಯಲ್ಲಿ ಪಂಕ ಒಂದು ಬಂಡೆಗೆ ಬಡಿಯಿತು. ಪಿನ್ನು ಮುರಿಯಲಿಲ್ಲ. ಅದಕ್ಕೆ ಬದಲಾಗಿ ಮೋಟಾರಿನ ಕಾಲಿನೊಳಗೆ, ಯಾರೋ ಕಬ್ಬಿಣದ ಕಡಲೆ ಅಗಿದಂತೆ ಕಟಕಟ ಸದ್ದಾಯಿತು. ಪಿನ್ನು ಮುರಿದು ತಾನು ತಿನ್ನಬೇಕಿದ್ದ ಪೆಟ್ಟು ಒಳಗೆ ಹೋಗಿ, ಪಂಕ ತಿರುಗಿಸುವ ಗೇರಿನ ಹಲ್ಲುಗಳೆಲ್ಲ ಉದುರಿದ್ದವು. ಪಿನ್ನಾಗಿದ್ದರೆ ಬದಲಿಸಬಹುದಿತ್ತು, ಗೇರನ್ನು ಉಡದಾರಕ್ಕೆ ಯಾರು ಕಟ್ಟಿಕೊಂಡಿರುತ್ತಾರೆ?

ದೋಣಿ ಅಡ್ಡ ತಿರುಗಿ ಬಂಡೆಗಳ ಕಡೆ ತೇಲತೊಡಗಿತು. ಸಾಹೇಬರು ಫೈಲನ್ನು ಎದೆಗವಚಿಕೊಂಡರು. ಹುಲುಗಪ್ಪ ಬಿದಿರಿನ ಗಳ ಎತ್ತಿಕೊಂಡು, ಈ ಬಂಡೆಗೆ ಒಂದು ತಿವಿತ, ಆ ಬಂಡೆಗೆ ಒಂದು ತಿವಿತ ಕೊಡುತ್ತ, ದೋಣಿಯನ್ನು ಎರಡು ಬಂಡೆಗಳ ಸಂದಿಯಲ್ಲಿ ತಂದು ಸಿಕ್ಕಿಸಿದ. ಅವನ ತಮ್ಮ ಹರಿಗೋಲು ತಂದ. ಸಾಹೇಬರು ಅದರಲ್ಲಿ ಕೂತು, ಬುಗುರಿಯಂತೆ ಸುತ್ತುತ್ತ, ಎಲ್ಲ ದಿಕ್ಕುಗಳನ್ನೂ ಸಮಾನ ಗೌರವದಿಂದ ನೋಡುತ್ತ ದಡ ಸೇರಿದರು.

ದಡದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾರ ತಪ್ಪು?”

“ನಂದಾ ತಪ್ಪು ಸಾಹೇಬ್ರ” ಎಂದ ಹುಲುಗಪ್ಪ, ನಾನು ಬಾಯಿ ತೆರೆಯುವ ಮೊದಲೇ. “ಬಂಡಿ ಕಾಣಲಿಲ್ರಿ. ನಾನಾ ಬಡದೆ.”

ಆ ಹೊಳೆಯಲ್ಲಿ ಅವನಿಗೆ ಕಾಣದ ಬಂಡೆ ಇಲ್ಲ. ಅವನು ಹೀಗೆ ಹೇಳಿದರೆ ಪರವಾನಗಿ ಹೋಗುವುದಷ್ಟೇ ಅಲ್ಲ, ದೋಣಿ ನಡೆಸಲು ಬಾರದವನು ಎಂಬ ಹೆಸರೂ ಅಂಟುತ್ತದೆ. ಮಾವ ತೆಂಗಿನಕಾಯಿಯ ಎರಡು ಹೋಳುಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಮುಂದೆ ಬಂದೆ.

“ಸುಳ್ಳು. ತಪ್ಪು ನನ್ನದು” ಎಂದೆ. ಈ ಮೂರು ಶಬ್ದಗಳನ್ನು ನಾನು ಮೊದಲು ಎಂದೂ ಒಟ್ಟಿಗೆ ಉಪಯೋಗಿಸಿರಲಿಲ್ಲವಾದ್ದರಿಂದ ನಾಲಿಗೆ ತಡವರಿಸಿತು. ಆಮೇಲೆ ಅಭ್ಯಾಸಬಲ ಕೈಹಿಡಿಯಿತು. ಪಿನ್ನು ಯಾಕೆ ಮೆತ್ತಗಿರಬೇಕು, ಅದು ಮುರಿದರೆ ಮಾತ್ರ ಗೇರು ಹೇಗೆ ಉಳಿಯುತ್ತದೆ, ಹುಲುಗಪ್ಪ ಹೇಳಿದ್ದೇನು, ನಾನು ಕೇಳದೆ ಹೋದದ್ದೇನು, ದಪ್ಪಕ್ಷರದ ಸಾಲು, ಅದರ ಅಂಚಿನಲ್ಲಿ ನಾನು ಬರೆದ ಪೆನ್ಸಿಲ್ ಟಿಪ್ಪಣಿ, ಖಾಜಾಸಾಬನ ಉಕ್ಕು, ಎಲ್ಲವನ್ನೂ ಅಂಶ ಅಂಶವಾಗಿ ಮಂಡಿಸಿದೆ. ನನ್ನ ವಿರುದ್ಧ ನಾನೇ ಇಷ್ಟು ಚೆನ್ನಾಗಿ ಮಾತನಾಡಬಲ್ಲೆ ಎಂದು ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಹುಲುಗಪ್ಪನ ಕೈಗೆ ಗೊತ್ತಿದ್ದು ಬಾಯಿಗೆ ಬಾರದ್ದನ್ನು ಆ ಹೊತ್ತಿನಲ್ಲಿ ನಾನು ಹೇಳುತ್ತಿದ್ದೆ. ಅವನು ಪಕ್ಕದಲ್ಲಿ ನಿಂತು, “ಹಾಂ, ಅದಾರಿ, ಅದನ್ನಾ ನಾ ಹೇಳಿದ್ದು” ಎಂದು ತಲೆಯಾಡಿಸುತ್ತಿದ್ದ.

ಸಾಹೇಬರು ಒದ್ದೆಯಾದ ಪ್ಯಾಂಟಿನ ಅಂಚು ಹಿಂಡಿಕೊಳ್ಳುತ್ತ ಕೇಳಿಸಿಕೊಂಡರು. “ಏನಮ್ಮಾ, ಪರವಾನಗಿ ಕೊಡಬ್ಯಾಡ್ರಿ ಅಂತ ಭಾಷಣ ಮಾಡ್ತಿಯೋ, ಕೊಡ್ರಿ ಅಂತ ಮಾಡ್ತಿಯೋ?”

“ಅವರು ಪಾಸು, ನಾನು ಫೇಲು ಅಂತ ಮಾಡಾಕತ್ತೀನ್ರಿ” ಎಂದೆ.

ಅವರು ಆ ದಿನ ಪಾಸೂ ಮಾಡಲಿಲ್ಲ, ಫೇಲೂ ಮಾಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ ನೋಡುತ್ತೇನೆ, ಗೇರು ಹಾಕಿಸಿಕೊಂಡು ಬನ್ನಿ ಎಂದು ಹೇಳಿ ಹೋದರು. ಮಾವ ಟಿಪ್ಪರಿನ ಮಾತೆತ್ತಿದ. ಅಲ್ಲಿಯವರೆಗೆ ತಡೆ ಎಂದು ಕೈಮುಗಿದೆ. ನಾನು ಕೈ ಮುಗಿದದ್ದು ಕಂಡು ಅವನು ಗಾಬರಿಯಾಗಿ ಒಪ್ಪಿದ. ಕರಾವಳಿಯಿಂದ ಗೇರು ಬರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಹುಲುಗಪ್ಪ ತಮ್ಮನ ಹರಿಗೋಲಿನಲ್ಲಿ ಮಗ್ಗುಲಿಗೆ ಕೂತು ಬರುತ್ತಿದ್ದ, ಹುಟ್ಟು ಮುಟ್ಟದೆ, ನೆಂಟನ ಹಾಗೆ. ನಾನು ಬಂದ ದಿನಗಳಲ್ಲಿ ಇಬ್ಬರೂ ಬಂಡೆಯ ಮೇಲೆ ಕೂತು ಹಿತ್ತಾಳೆ ಸಲಾಕೆ ಕತ್ತರಿಸಿ ಪಿನ್ನು ಮಾಡುತ್ತಿದ್ದೆವು. ಅರದಿಂದ ಉಜ್ಜುವಾಗ ಎಷ್ಟು ಉಜ್ಜಿದರೆ ಸಾಕು ಎಂದು ನಾನು ಕೇಳುವೆ. ಅವನು ನನ್ನ ಕೈಯಿಂದ ಪಿನ್ನು ತೆಗೆದುಕೊಂಡು, ಹಲ್ಲಿನಿಂದ ಕಚ್ಚಿ, ಸಾಕು ಅಥವಾ ಸಾಲದು ಎನ್ನುವನು. ಸಾಕು ಅಂದರೆ ಏನು ಎಂದು ನಾನು ಕೇಳಲಿಲ್ಲ. ನಾನೂ ಕಚ್ಚಿ ನೋಡಿದೆ. ಹತ್ತನೆಯ ಪಿನ್ನಿನ ಹೊತ್ತಿಗೆ ಏನೋ ಸ್ವಲ್ಪ ಗೊತ್ತಾಗತೊಡಗಿತು. ಅದು ಏನು ಎಂದು ಇಲ್ಲಿ ಬರೆಯಲು ನನಗೂ ಬರುತ್ತಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ನಾನು ಬಾಯಿ ಬಿಚ್ಚಬಾರದು ಎಂಬುದು ಮಾವನ ಷರತ್ತು. ನಾಲ್ಕನೆಯ ಸಲ ದಾಟುವಾಗ ಪಂಕ ಬಂಡೆಗೆ ತಗಲಿ ಪಿನ್ನು ಮುರಿಯಿತು. ಸಾಹೇಬರು ಫೈಲಿನಿಂದ ತಲೆಯೆತ್ತಿದರು. ನಾನು ಮರಳಿನ ಚೀಲವೊಂದರ ಕಿವಿಯನ್ನು ಹಿಡಿದು ಹಿಂಡುತ್ತ ಕೂತೆ. ಹುಲುಗಪ್ಪ ಬಂಡೆಗೆ ಹಗ್ಗ ಎಸೆದ, ಮೋಟಾರು ವಾಲಿಸಿದ, ಪಂಕ ಬಿಚ್ಚಿದ, ಮುರಿದ ತುಂಡನ್ನು ತಟ್ಟಿ ಹೊರಗೆ ಹಾಕಿದ, ಉಡದಾರದಿಂದ ಒಂದನ್ನು ಕಿತ್ತು ತೂರಿಸಿದ. ಸಾಹೇಬರು ಅಷ್ಟರಲ್ಲಿ ಜೇಬಿನಿಂದ ಒಂದು ಬಾಳೆಹಣ್ಣು ತೆಗೆದು ಸುಲಿಯಲು ಶುರು ಮಾಡಿದ್ದರು. ಅವರು ಹಣ್ಣು ತಿಂದು ಸಿಪ್ಪೆ ಎಲ್ಲಿ ಎಸೆಯಲಿ ಎಂದು ಹುಡುಕುವ ಹೊತ್ತಿಗೆ ದೋಣಿ ಹೊರಟಿತ್ತು.

“ನಡುನೀರಿನ್ಯಾಗ ನಿಂತಿತಲ್ಲಪಾ ನಿನ್ನ ದೋಣಿ” ಎಂದರು ಅವರು.

“ನಿಂತತ್ರಿ” ಎಂದ ಹುಲುಗಪ್ಪ. “ಕೆಡಲಿಲ್ರಿ.”

ಸಾಹೇಬರು ನನ್ನ ಮುಖ ನೋಡಿ, ಮತ್ತೆ ಫೈಲಿಗೆ ತಲೆ ಬಗ್ಗಿಸಿದರು. ಎಂಟನೆಯ ಸಲ ಇನ್ನೊಂದು ಪಿನ್ನು ಮುರಿಯಿತು. ಆಗ ಅವರು ಫೈಲಿನಿಂದ ತಲೆ ಎತ್ತಲೂ ಇಲ್ಲ. ಹತ್ತು ಮುಗಿದ ಮೇಲೆ ದಡದಲ್ಲೇ ಕಾಗದಕ್ಕೆ ಸಹಿ ಹಾಕಿದರು. ಹುಲುಗಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒದ್ದೆಯಾಗದಂತೆ ತಲೆಯ ರುಮಾಲಿನೊಳಗೆ ಇಟ್ಟುಕೊಂಡ. ಗಂಗಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಯಾರೂ ಕೇಳದಿದ್ದರೂ ಎಲ್ಲರಿಗೂ ಪರವಾನಗಿಯ ಸುದ್ದಿ ಹೇಳುತ್ತಿದ್ದಳು.

ಪರವಾನಗಿ ಬಂದ ಮೇಲಿನ ಮೊದಲ ಬಾಡಿಗೆಗೆ ನಾನೂ ಹತ್ತಿದೆ. ಹೊರಡುವ ಮೊದಲು ಹುಲುಗಪ್ಪ ಸಂಕೋಚದಿಂದ ಹತ್ತಿರ ಬಂದ. “ಅಕ್ಕಾರ, ಒಂದು ಮಾತ್ರಿ. ನಿಮ್ಮ ಜೋಡಿ ವಾದ ಮಾಡಾಕ ನನಗ ಭಾಳ ಛಲೋ ಅನಸ್ತೈತಿ. ಆದ್ರ ಇನ್ನ ಮುಂದ ಮೋಟಾರು ಚಾಲೂ ಇದ್ದಾಗಷ್ಟ ಮಾಡೂಣ್ರಿ.”

“ಆ ಸದ್ದಿನ್ಯಾಗ ನಾ ಹೇಳಿದ್ದು ನಿಮಗ ಕೇಳಂಗಾ ಇಲ್ಲಲ್ಲ?”

“ನಾ ಹೇಳಿದ್ದೂ ನಿಮಗ ಕೇಳಂಗಿಲ್ರಿ. ಸಮಾ ಆತಲ್ಲ.”

ಅವನು ಹಗ್ಗ ಎಳೆದ. ಮೋಟಾರು ಎದ್ದಿತು, ಪಕ್ಕದಿಂದ ನೀರು ಚಿಮ್ಮಿತು. ಅಂದಿನಿಂದ ನಮ್ಮ ಕರಾರು ಮುರಿದಿಲ್ಲ. ನಡುಹೊಳೆಯಲ್ಲಿ ನಾನು ಕೈ ಬೀಸಿ ಗಂಟಲು ಹರಿಯುವಂತೆ ವಾದ ಮಂಡಿಸುತ್ತೇನೆ, ಅವನು ಗಂಭೀರವಾಗಿ ತಲೆಯಾಡಿಸುತ್ತಾನೆ. ಅವನು ಬಾಯಿ ಅಲ್ಲಾಡಿಸಿ ಏನೋ ಹೇಳುತ್ತಾನೆ, ನಾನು ಒಪ್ಪುತ್ತೇನೆ. ಯಾರು ಗೆದ್ದರು ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ದಡ ಬಂದಿರುತ್ತದೆ, ಜನ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿರುತ್ತಾರೆ.